ಗರ್ಟಿನ್‌ನ 'ಬಿಳಿ ಮನೆ': ಬಣ್ಣವೇ ಹಚ್ಚದ ಜಾಗ ಇಷ್ಟು ಹೊಳೆಯೋದು ಹೇಗೆ?

ಬಿಳಿಹಾಳೆ:

ವಾಟರ್‌ಕಲರ್ ಕಲಿಯುವವರು ಇಲ್ಲಿ ಜಾಸ್ತಿ ಜನ ಇದ್ದೀರಿ. ಒಂದೇ ಒಂದು ಚಿತ್ರ ಮುಂದಿಟ್ಟುಕೊಂಡು ನಿಧಾನವಾಗಿ ಮಾತಾಡೋಣ ಅಂತ ಈ ಚರ್ಚೆ ಶುರು ಮಾಡಿದ್ದೇನೆ. ಚಿತ್ರ ಯಾವುದು ಅಂದ್ರೆ, ಥಾಮಸ್ ಗರ್ಟಿನ್ 1800ರಲ್ಲಿ ಬರೆದ 'ದಿ ವೈಟ್ ಹೌಸ್ ಅಟ್ ಚೆಲ್ಸಿ'. ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಅವರ ವೆಬ್‌ಸೈಟಿಗೆ ಹೋಗಿ ದೊಡ್ಡದು ಮಾಡಿಕೊಂಡು ನೋಡಿ. ಅಸಲಿ ಚಿತ್ರ ದೊಡ್ಡದೇನಲ್ಲ. ಎತ್ತರ ಸುಮಾರು 30 ಸೆಂ.ಮೀ., ಅಗಲ 51 ಸೆಂ.ಮೀ. ಅಷ್ಟೇ.

ಚಿತ್ರದಲ್ಲಿ ಏನಿದೆ? ಹೇಳಬೇಕು ಅಂದ್ರೆ ಏನೂ ಇಲ್ಲ. ಥೇಮ್ಸ್ ನದಿ ಅಗಲವಾಗಿ ಹರಡಿಕೊಂಡಿದೆ. ಸಂಜೆ ಹೊತ್ತು. ದಿಗಂತ ತುಂಬಾ ಕೆಳಗಿದೆ, ಗೆರೆ ಎಳೆದ ಹಾಗೆ ಚಪ್ಪಟೆ. ಎಡಗಡೆ ಒಂದು ಗಾಳಿಗಿರಣಿ, ಅಲ್ಲೊಂದು ಇಲ್ಲೊಂದು ದೋಣಿ. ಮೇಲೆ ದೊಡ್ಡ ಆಕಾಶ. ದೂರದ ದಡದಲ್ಲಿ, ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಾಗಿ, ಒಂದು ಬಿಳಿ ಮನೆ. ಕಣ್ಣು ಎಲ್ಲಿಗೆ ಹೋದರೂ ತಿರುಗಿ ಆ ಮನೆಗೇ ಬರುತ್ತೆ.

ಆ ಮನೆಗೆ ಗರ್ಟಿನ್ ಬಣ್ಣ ಹಚ್ಚಿಯೇ ಇಲ್ಲ. ಅದು ಬರೀ ಕಾಗದ. ಸುತ್ತಲೂ ಬಣ್ಣ ಹಾಕುತ್ತಾ ಹೋಗಿ ಅಷ್ಟು ಜಾಗ ಬಿಟ್ಟಿದ್ದಾನೆ. ಕೆಳಗೆ ನೀರಿನಲ್ಲಿ ಬಿದ್ದ ಅದರ ಪ್ರತಿಬಿಂಬವೂ ಹಾಗೇ. ನನ್ನ ಲೆಕ್ಕದಲ್ಲಿ ಆಕಾಶ, ನೀರು, ಗಿರಣಿ ಎಲ್ಲವೂ ಇರುವುದೇ ಆ ಚೂರು ಕಾಗದವನ್ನು ಹೊಳೆಸುವುದಕ್ಕೆ. ನಿಮಗೇನು ಅನ್ನಿಸುತ್ತೆ?

ಅನುಮಾನಪ್ಪ:

ನನ್ನದು ಎರಡು ತಕರಾರು.

ಒಂದು, ಇದು ರೊಮ್ಯಾಂಟಿಕ್ ಕಾಲದ, ಅಂದ್ರೆ ಭಾವನೆ ಕಲ್ಪನೆಗೆ ಒತ್ತು ಕೊಟ್ಟ ಕಾಲದ, ಭೂದೃಶ್ಯ ಅಂತ ಎಲ್ಲ ಕಡೆ ಬರೆದಿರುತ್ತಾರೆ. ರೊಮ್ಯಾಂಟಿಕ್ ಅನ್ನೋಕೆ ಇಲ್ಲೇನಿದೆ? ಗುಡುಗಿಲ್ಲ, ಪಾಳುಬಿದ್ದ ಚರ್ಚಿಲ್ಲ, ಬೆಟ್ಟವಿಲ್ಲ, ಬಂಡೆ ಮೇಲೆ ಕೂತು ಯೋಚಿಸುವ ಕವಿಯೂ ಇಲ್ಲ. ನದಿ ದಡದ ಒಂದು ಮಾಮೂಲಿ ಮನೆ. ಎರಡು, ಚೆಲ್ಸಿ ಅಂದ್ರೆ ಲಂಡನ್ ಪೇಟೆ. ಇದನ್ನ ಹಳ್ಳಿಗಾಡು ಅನ್ನೋದು ಹೇಗೆ?

ಥೇಮ್ಸ್_ದಡದಿಂದ:

ಎರಡನೇದಕ್ಕೆ ಮೊದಲು ಉತ್ತರ ಕೊಡ್ತೀನಿ ಸರ್, ನಾನು ಇರೋದು ಇಲ್ಲೇ ಹತ್ತಿರ. 1800ರಲ್ಲಿ ಚೆಲ್ಸಿ ಲಂಡನ್‌ಗೆ ಸೇರಿರಲಿಲ್ಲ. ಪೇಟೆಯಿಂದ ಆಚೆ, ನದಿ ದಡದ ಒಂದು ಊರು. ಎದುರು ದಡದ ಬ್ಯಾಟರ್‌ಸೀ ಅಂತೂ ಬರೀ ಹೊಲ, ಜೌಗು, ತರಕಾರಿ ತೋಟ. ಲಂಡನ್ ಮಾರುಕಟ್ಟೆಗೆ ಸೊಪ್ಪು ತರಕಾರಿ ಹೋಗುತ್ತಿದ್ದದ್ದೇ ಅಲ್ಲಿಂದ. ಬ್ಯಾಟರ್‌ಸೀ ಶತಾವರಿ ಆಗ ಹೆಸರುವಾಸಿ.

ಚಿತ್ರದಲ್ಲಿರುವುದನ್ನು ಎಡದಿಂದ ಬಲಕ್ಕೆ ಓದಿಕೊಳ್ಳಿ. ಮೊದಲು ರೆಡ್ ಹೌಸ್ ಅನ್ನೋ ಹೆಂಡದಂಗಡಿ ಹತ್ತಿರದ ಗಾಳಿಗಿರಣಿ. ಆಮೇಲೆ ದೂರದಲ್ಲಿ ಬ್ಯಾಟರ್‌ಸೀಯ 'ಹಾರಿಜಾಂಟಲ್ ಮಿಲ್'. ಅದಕ್ಕೆ ಹೊರಗೆ ರೆಕ್ಕೆ ಇರಲಿಲ್ಲ, ದೊಡ್ಡ ಗೋಪುರದ ಒಳಗೇ ಗಾಳಿಚಕ್ರ ಅಡ್ಡಡ್ಡ ತಿರುಗುತ್ತಿತ್ತು. ಆಮೇಲೆ ನಮ್ಮ ಬಿಳಿ ಮನೆ. ಅದರಾಚೆ ಮರದ ಹಳೇ ಬ್ಯಾಟರ್‌ಸೀ ಸೇತುವೆ, ಕೊನೆಗೆ ಚೆಲ್ಸಿ ಓಲ್ಡ್ ಚರ್ಚ್.

ಇದರಲ್ಲಿ ಇವತ್ತು ಏನೂ ಉಳಿದಿಲ್ಲ ಅಂತಲೇ ಹೇಳಬಹುದು. ಗಿರಣಿಗಳು ಹೋದವು. ಮರದ ಸೇತುವೆಯನ್ನು 1885ರಲ್ಲಿ ಕಿತ್ತು ಹಾಕಿದರು. ಚರ್ಚ್ 1941ರ ಬಾಂಬ್ ದಾಳಿಯಲ್ಲಿ ಬಿತ್ತು, ಈಗಿರೋದು ಮತ್ತೆ ಕಟ್ಟಿದ್ದು. ಬಿಳಿ ಮನೆ ಇದ್ದ ಜಾಗದ ಸುತ್ತಮುತ್ತ ಈಗ ಬ್ಯಾಟರ್‌ಸೀ ಪಾರ್ಕ್, ಅದು ತೆರೆದದ್ದು 1858ರಲ್ಲಿ. ಭಾನುವಾರ ಬಂದರೆ ಜಾಗಿಂಗ್ ಮಾಡುವವರು, ನಾಯಿ ಹಿಡಕೊಂಡವರು ಸಿಗ್ತಾರೆ. ನೀರಿನ ಅಗಲವೂ ಆಗಿನ ಹಾಗಿಲ್ಲ, ಎರಡೂ ಕಡೆ ಕಲ್ಲಿನ ಗೋಡೆ ಕಟ್ಟಿದ್ದಾರೆ. ಆ ಚಪ್ಪಟೆ ದಡದ ಭಾವನೆ ಬೇಕು ಅಂದ್ರೆ ಚಿತ್ರವೇ ಗತಿ.

ಡ್ರಾಯಿಂಗ್_ಮೇಷ್ಟ್ರು:

ಅನುಮಾನಪ್ಪನವರ ಮೊದಲನೇ ತಕರಾರು ಸುಮ್ನೆ ತಳ್ಳಿಹಾಕೋ ಹಾಗಿಲ್ಲ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗರ್ಟಿನ್ ಹುಟ್ಟಿದ್ದು 1775ರಲ್ಲಿ, ಲಂಡನ್ನಿನ ಸದರ್ಕ್‌ನಲ್ಲಿ. ಅಪ್ಪ ಬ್ರಷ್ ಮಾಡುವ ಕಸುಬಿನವನು. ಹುಡುಗನನ್ನು ಎಡ್ವರ್ಡ್ ಡೇಯ್ಸ್ ಎಂಬ ಕಲಾವಿದನ ಹತ್ತಿರ ಕೆಲಸ ಕಲಿಯಲು ಬಿಟ್ಟರು. ಆ ಕಾಲದಲ್ಲಿ ವಾಟರ್‌ಕಲರ್ ಅಂದ್ರೆ ಹೆಚ್ಚುಕಡಿಮೆ ದಾಖಲೆ ಕೆಲಸ. ಯಾವುದೋ ಕೋಟೆ, ಚರ್ಚು, ಜಮೀನ್ದಾರರ ಬಂಗಲೆ ಹೇಗಿದೆ ಅಂತ ತೋರಿಸೋಕೆ ಬರೆಯೋದು. ಮೊದಲು ಪೆನ್ಸಿಲ್ ಅಥವಾ ಶಾಯಿ ಗೆರೆ. ಆಮೇಲೆ ನೆರಳೆಲ್ಲ ಬೂದು ಬಣ್ಣದಲ್ಲಿ. ಕೊನೆಗೆ ಅದರ ಮೇಲೆ ತೆಳ್ಳಗೆ ಬಣ್ಣ. ಬಣ್ಣ ಹಚ್ಚಿದ ರೇಖಾಚಿತ್ರ ಅನ್ನಬಹುದು.

ಗರ್ಟಿನ್ ಮತ್ತು ಅವನ ವಯಸ್ಸಿನವನೇ ಆದ, ಮುಂದೆ ತುಂಬಾ ಹೆಸರು ಮಾಡಿದ ಇಂಗ್ಲಿಷ್ ಕಲಾವಿದ ಟರ್ನರ್, ಇಬ್ಬರೂ ಆ ಬೂದು ತಳವನ್ನು ಬಿಟ್ಟರು. ನೆರಳನ್ನೂ ಬಣ್ಣದಲ್ಲೇ ಹಾಕಿದರು. ಗರ್ಟಿನ್ ಇನ್ನೊಂದು ಹೆಜ್ಜೆ ಮುಂದೆ ಹೋದ. ನುಣುಪಾದ ಬಿಳಿ ಕಾಗದ ಬಿಟ್ಟು, ಸ್ವಲ್ಪ ಒರಟಾದ, ಮಾಸಲು ಬಣ್ಣದ ಕಾರ್ಟ್ರಿಜ್ ಕಾಗದ ತೆಗೆದುಕೊಂಡ. ಅದು ನೀರು ಹೀರುತ್ತೆ, ಬಣ್ಣ ಒಳಕ್ಕೆ ಇಳಿಯುತ್ತೆ, ಅಂಚು ಮೆತ್ತಗಾಗುತ್ತೆ. ಆ ಕಾಗದ ಮಡಿಸಿದ ಸ್ಥಿತಿಯಲ್ಲೇ ಅಂಗಡಿಯಿಂದ ಬರುತ್ತಿತ್ತು. ಮಡಿಕೆ ಇದ್ದ ಕಡೆ ಬಣ್ಣ ಜಾಸ್ತಿ ಕೂತು, ಆಕಾಶದ ನಡುವೆ ಕಪ್ಪು ಚುಕ್ಕಿ ಬಿದ್ದಿರೋದೂ ಉಂಟು. ಸಂಗ್ರಹ ಮಾಡುವವರು ಆ ಚುಕ್ಕಿಯನ್ನೇ ಗರ್ಟಿನ್‌ನ ಗುರುತು ಅಂತ ಮೆಚ್ಚಿ ಹುಡುಕುತ್ತಿದ್ದರಂತೆ!

ಈಗ ರೊಮ್ಯಾಂಟಿಕ್ ವಿಷಯ. ಜಾಗ ಯಾವುದು ಅಂತ ತಿಳಿಸೋದು ಹಳೇ ಚಿತ್ರಗಳ ಕೆಲಸ. ಈ ಚಿತ್ರ ತಿಳಿಸೋದು ಹೊತ್ತನ್ನ. ಗಿರಣಿಯ ಹೆಸರು, ಚರ್ಚಿನ ಹೆಸರು ಗೊತ್ತಿಲ್ಲದಿದ್ದರೂ ಚಿತ್ರಕ್ಕೆ ಏನೂ ಕಡಿಮೆಯಾಗಲ್ಲ. ಬೆಳಕು ಇಳಿಯುವ ಕೊನೇ ಗಳಿಗೆಯಲ್ಲಿ ಒಬ್ಬ ಮನುಷ್ಯನಿಗೆ ಏನು ಕಂಡಿತು ಅನ್ನೋದೇ ವಿಷಯ. ಗುಡುಗು ಬಂಡೆಗಳಿಗಿಂತ ಇದೇ ದೊಡ್ಡ ಬದಲಾವಣೆ ಅಂತ ನನ್ನ ಅಭಿಪ್ರಾಯ.

ಅನುಮಾನಪ್ಪ:

ಹೊತ್ತು ಅನ್ನೋದು ಸರಿ ಮೇಷ್ಟ್ರೇ. ಆದರೆ ಸಂಜೆ ಬೆಳಕನ್ನ ಅದಕ್ಕೂ ಮುಂಚೆ ಡಚ್ಚರು ಬರೆದಿರಲಿಲ್ವಾ? ಕೆಳಗಿನ ದಿಗಂತ, ಗಾಳಿಗಿರಣಿ, ಅಗಲ ನದಿ ಎಲ್ಲ ಅವರದ್ದೇ ಸಾಮಾನು.

ಡ್ರಾಯಿಂಗ್_ಮೇಷ್ಟ್ರು:

ಬರೆದಿದ್ದರು, ಎಣ್ಣೆ ಬಣ್ಣದಲ್ಲಿ. ಎಣ್ಣೆ ಬಣ್ಣದಲ್ಲಿ ಬೆಳಕನ್ನು ಕೊನೆಗೆ ದಪ್ಪ ಬಿಳಿಯಾಗಿ ಇಡಬಹುದು. ಇಲ್ಲಿ ಬೆಳಕು ಎಲ್ಲಿ ಅಂತ ಮೊದಲ ಹನಿ ನೀರು ಬೀಳುವ ಮುಂಚೆಯೇ ಗೊತ್ತಿರಬೇಕು. ಸಾಮಾನು ಡಚ್ಚರದ್ದೇ ಇರಲಿ, ಈ ಕೆಲಸ ಬೇರೆ.

ಮಂಡ್ಯದ_ಹೈದ:

ನಾನು ಪೇಂಟಿಂಗ್ ಮಾಡೋನಲ್ಲ, ಇತಿಹಾಸದ ಹುಚ್ಚು. ಆದ್ರೆ ಗರ್ಟಿನ್ ಹೆಸರು ಶ್ರೀರಂಗಪಟ್ಟಣದ ಕಥೆಯಲ್ಲೂ ಬರುತ್ತೆ ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಅದೇ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಕೆಲವು ಎಳೇ ಕಲಾವಿದರು ಸೇರಿ ಒಂದು ಕೂಟ ಮಾಡಿಕೊಂಡರು, ಹೆಸರು 'ದಿ ಬ್ರದರ್ಸ್'. ಸಂಜೆ ಒಬ್ಬರ ಕೋಣೆಯಲ್ಲಿ ಸೇರೋದು, ಯಾವುದಾದರೂ ಕವಿತೆಯ ನಾಲ್ಕು ಸಾಲು ಆರಿಸೋದು, ಅದಕ್ಕೆ ತಕ್ಕ ಭೂದೃಶ್ಯವನ್ನ ಎಲ್ಲರೂ ಕೂತು ಬರೆಯೋದು. ಗರ್ಟಿನ್ ಅದರಲ್ಲಿದ್ದ. ಅನುಮಾನಪ್ಪನವರೇ, ನೀವು ಕೇಳಿದ ರೊಮ್ಯಾಂಟಿಕ್ ಇಲ್ಲಿದೆ ನೋಡಿ! ಅದೇ ಕೂಟದಲ್ಲಿದ್ದ ಇನ್ನೊಬ್ಬ ರಾಬರ್ಟ್ ಕೆರ್ ಪೋರ್ಟರ್. ವಯಸ್ಸು ಇಪ್ಪತ್ತು ಚಿಲ್ಲರೆ. 1800ರಲ್ಲಿ ಅವನು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ದೃಶ್ಯವನ್ನ ನೂರಕ್ಕೂ ಹೆಚ್ಚು ಅಡಿ ಉದ್ದದ ಕ್ಯಾನ್ವಾಸ್ ಮೇಲೆ ಬರೆದು ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಪ್ರದರ್ಶನಕ್ಕಿಟ್ಟ. ಶ್ರೀರಂಗಪಟ್ಟಣ ಕಣ್ಣಿಂದ ನೋಡಿರಲಿಲ್ಲ. ಜನ ದುಡ್ಡು ಕೊಟ್ಟು ಮುಗಿಬಿದ್ದು ನೋಡಿದರು. ಆ ಚಿತ್ರ ಈಗ ಇಲ್ಲ, ಅದರ ಮುದ್ರಣಗಳು ಉಳಿದಿವೆ.

ಟರ್ನರ್ ಹೆಸರಿನಲ್ಲೂ ಶ್ರೀರಂಗಪಟ್ಟಣದ ಮುತ್ತಿಗೆಯ ಒಂದು ಜಲವರ್ಣ ಟೇಟ್‌ನಲ್ಲಿದೆ, ಸುಮಾರು 1800ರದ್ದು. ಅವನೂ ಇಂಡಿಯಾಕ್ಕೆ ಬಂದವನಲ್ಲ.

ಗೆಳೆಯ ಗೆದ್ದದ್ದು ನೋಡಿ ಗರ್ಟಿನ್ ಕೂಡ ದೊಡ್ಡ ಪನೋರಮಾಕ್ಕೆ, ಅಂದ್ರೆ ನಡುವೆ ನಿಂತು ಸುತ್ತಲೂ ನೋಡುವ ಭಾರೀ ಚಿತ್ರಕ್ಕೆ, ಕೈ ಹಾಕಿದ. ವಿಷಯ ಯುದ್ಧವಲ್ಲ, ಲಂಡನ್ ಪೇಟೆ. ಹೆಸರು 'ಐಡೊಮೆಟ್ರೊಪೊಲಿಸ್'. 18 ಅಡಿ ಎತ್ತರ, ಸುತ್ತಳತೆ 108 ಅಡಿ. 1802ರ ಆಗಸ್ಟ್‌ನಲ್ಲಿ ಪ್ರದರ್ಶನ ಶುರುವಾಯಿತು. ನವೆಂಬರ್‌ನಲ್ಲಿ ಗರ್ಟಿನ್ ಸತ್ತೇ ಹೋದ. ಇಪ್ಪತ್ತೇಳು ವರ್ಷ. ಆ ಪನೋರಮಾ ಕೂಡ ಉಳಿದಿಲ್ಲ, ಅದಕ್ಕೆ ಮಾಡಿಕೊಂಡ ಕೆಲವು ಸ್ಕೆಚ್ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಬಿಳಿಹಾಳೆ:

ಇದು ಚೆನ್ನಾಗಿದೆ! 108 ಅಡಿಯದ್ದು ಹೋಯಿತು, ಅರ್ಧ ಮೀಟರಿನ ಕಾಗದ ಉಳಿಯಿತು. ಈಗ ಮತ್ತೆ ಚಿತ್ರ ನೋಡಿದರೆ ಅದರ ಅಗಲವೂ ಪನೋರಮಾದ ಅಗಲವೇ ಅನ್ನಿಸುತ್ತಿದೆ. ಎತ್ತರದ ಹತ್ತಿರ ಹತ್ತಿರ ಎರಡರಷ್ಟು. ಎಡ ಬಲ ಎರಡೂ ಕಡೆ ಮರವೋ ಗೋಡೆಯೋ ಇಟ್ಟು ನೋಟವನ್ನ ಕಟ್ಟಿಹಾಕುವುದು ಆಗಿನ ರೂಢಿ. ಗರ್ಟಿನ್ ಅದನ್ನ ಮಾಡಿಲ್ಲ. ದಡ ಚಿತ್ರದ ಆಚೆಗೂ ಹೋಗುತ್ತಲೇ ಇದೆ.

ಹೊಸಬಳು:

ನಮಸ್ಕಾರ, ಇಲ್ಲಿಗೆ ಹೊಸಬಳು. ಟರ್ನರ್ 'ಟಾಮ್ ಗರ್ಟಿನ್ ಬದುಕಿದ್ದಿದ್ದರೆ ನಾನು ಉಪವಾಸ ಬೀಳುತ್ತಿದ್ದೆ' ಅಂದಿದ್ದನಂತೆ, ನಿಜಾನಾ? ಎಲ್ಲ ಕಡೆ ಅದನ್ನೇ ಹಾಕಿರ್ತಾರೆ.

ಅನುಮಾನಪ್ಪ:

ಅದು ಟರ್ನರ್ ಸತ್ತ ಮೇಲೆ ಬಂದ ಜೀವನಚರಿತ್ರೆಯಿಂದ ಹಬ್ಬಿದ ಮಾತು. ಕೈಯಾರೆ ಬರೆದಿಟ್ಟದ್ದಲ್ಲ. ಈ ಬಿಳಿ ಮನೆಯ ಬಗ್ಗೆಯೂ ಅಂಥದ್ದೇ ಒಂದು ಕಥೆ ಇದೆ. ಒಬ್ಬ ಚಿತ್ರ ವ್ಯಾಪಾರಿ ಟರ್ನರ್ ಮನೆಗೆ ಬಂದು ಗೋಡೆಯ ಮೇಲಿದ್ದದ್ದೆಲ್ಲ ನೋಡಿ, 'ಚೆನ್ನಾಗಿವೆ, ಆದರೆ ಹೊರಗೆ ನನ್ನ ಗಾಡಿಯಲ್ಲಿ ಇದಕ್ಕಿಂತ ಒಳ್ಳೇದು ಇದೆ' ಅಂದನಂತೆ. ಟರ್ನರ್‌ಗೆ ಸಿಟ್ಟು ಬಂತು. ಆಮೇಲೆ ಸ್ವಲ್ಪ ಯೋಚಿಸಿ, 'ಹಾಗಾದರೆ ಅದು ಟಾಮ್ ಗರ್ಟಿನ್‌ನ ಬಿಳಿ ಮನೆಯೇ ಇರಬೇಕು' ಅಂದನಂತೆ. ಚೆಂದದ ಕಥೆ. ವ್ಯಾಪಾರಿಗಳಿಗೆ ಅನುಕೂಲವಾದ ಕಥೆಯೂ ಹೌದು.

ಡ್ರಾಯಿಂಗ್_ಮೇಷ್ಟ್ರು:

ಕಥೆ ಬಿಡಿ, ದಾಖಲೆಯಲ್ಲಿರೋದು ಹೇಳ್ತೀನಿ. ಲಂಡನ್ನಿನಲ್ಲಿ ಡಾಕ್ಟರ್ ಥಾಮಸ್ ಮನ್ರೋ ಅಂತ ಒಬ್ಬರಿದ್ದರು, ಮನೋರೋಗಗಳ ವೈದ್ಯರು, ಚಿತ್ರಸಂಗ್ರಹದ ಗೀಳಿನವರು. ಜಾನ್ ರಾಬರ್ಟ್ ಕೋಜೆನ್ಸ್ ಎಂಬ ಕಲಾವಿದ ಬುದ್ಧಿ ಕೆಟ್ಟು ಇವರ ಆರೈಕೆಯಲ್ಲಿದ್ದ. ಅವನ ಚಿತ್ರಗಳನ್ನು ನಕಲು ಮಾಡೋಕೆ ಮನ್ರೋ ಎಳೇ ಹುಡುಗರನ್ನು ಮನೆಗೆ ಕರೆಯುತ್ತಿದ್ದರು. ಜೋಸೆಫ್ ಫಾರಿಂಗ್ಟನ್ ಎಂಬ ಕಲಾವಿದ 1798ರ ದಿನಚರಿಯಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಸಂಜೆ ಆರಕ್ಕೆ ಹೋಗಿ ಹತ್ತರವರೆಗೆ ಕೆಲಸ. ಗರ್ಟಿನ್ ಗೆರೆ ಹಾಕೋದು, ಟರ್ನರ್ ಬಣ್ಣ ತುಂಬೋದು. ಟರ್ನರ್‌ಗೆ ರಾತ್ರಿಗೆ ಮೂರೂವರೆ ಶಿಲಿಂಗ್ ಸಂಬಳ.

ಆ ಹಂಚಿಕೆಯ ಬಗ್ಗೆ ಗರ್ಟಿನ್ ಆಮೇಲೆ ಗೊಣಗಿದನಂತೆ, ಬರೀ ಗೆರೆ ಹಾಕಿದರೆ ಬಣ್ಣ ಕಲಿಯೋದು ಯಾವಾಗ ಅಂತ. ಬಿಳಿ ಮನೆ ನೋಡಿದರೆ ಗೊಣಗಿದವನು ಚೆನ್ನಾಗಿಯೇ ಕಲಿತ ಅನ್ನಿಸುತ್ತೆ.

ಟರ್ನರ್ ಎಪ್ಪತ್ತಾರನೇ ವಯಸ್ಸಿನವರೆಗೂ ಬದುಕಿದ. ಸತ್ತದ್ದು 1851ರಲ್ಲಿ, ಅದೇ ಚೆಲ್ಸಿಯ ದಡದಲ್ಲಿ.

ಕಾಗದವೈದ್ಯೆ:

ನಾನು ಹಳೇ ಕಾಗದ, ಹಸ್ತಪ್ರತಿಗಳ ಸಂರಕ್ಷಣೆಯ ಕೆಲಸದಲ್ಲಿದ್ದೇನೆ. ಎಲ್ಲರೂ ಮೊಬೈಲ್ ಪರದೆ ನೋಡಿ ಬಣ್ಣದ ಬಗ್ಗೆ ಮಾತಾಡ್ತಿದ್ದೀರಿ, ಅದಕ್ಕೇ ಒಂದು ಮಾತು ಸೇರಿಸ್ತೀನಿ. ಗರ್ಟಿನ್ ಚಿತ್ರಗಳಲ್ಲಿ ನೀವೀಗ ನೋಡುವ ಆಕಾಶವೇ ಅವನು ಬರೆದ ಆಕಾಶ ಅಂತ ಯಾವತ್ತೂ ನಂಬಬೇಡಿ.

ಕಾರಣ ನೀಲಿ. ಆಗ ಮೋಡದ ಬೂದು ಬೇಕು ಅಂದ್ರೆ ನೀಲಿಗೆ ಸ್ವಲ್ಪ ಕೆಂಪು ಬೆರೆಸುತ್ತಿದ್ದರು. ಕೆಂಪು ಅಂದ್ರೆ ಲೈಟ್ ರೆಡ್, ಇಂಡಿಯನ್ ರೆಡ್ ತರಹದ್ದು. ಅದು ಕಬ್ಬಿಣದ ಅಂಶವಿರುವ ಮಣ್ಣು, ನಮ್ಮ ಕೆಮ್ಮಣ್ಣಿನ ಜಾತಿ. ಇನ್ನೂರು ವರ್ಷ ಬಿಸಿಲಿಗಿಟ್ಟರೂ ಜಗ್ಗಲ್ಲ. ನೀಲಿಗೆ ಗರ್ಟಿನ್ ಬಳಸುತ್ತಿದ್ದದ್ದು ಹೆಚ್ಚಾಗಿ ಇಂಡಿಗೋ, ಗಿಡದಿಂದ ತೆಗೆದ ನೀಲಿ. ಬಟ್ಟೆಯ ನೂಲಿಗೆ ದಟ್ಟವಾಗಿ ಹಿಡಿದಾಗ ಅದು ಗಟ್ಟಿ. ಕಾಗದದ ಮೇಲೆ ನೀರಿನಂತೆ ತೆಳ್ಳಗೆ ಹರಡಿದಾಗ ಬೆಳಕಿಗೆ ತಡೆಯೋದಿಲ್ಲ. ವರ್ಷ ಕಳೆದ ಹಾಗೆ ನೀಲಿ ಹೋಗುತ್ತೆ, ಕೆಂಪು ಉಳಿಯುತ್ತೆ. ಬೂದು ಮೋಡ ಗುಲಾಬಿ ಆಗುತ್ತೆ. ನಾವು 'ಆಹಾ, ಎಂಥ ಸಂಜೆ!' ಅಂತೀವಿ. ಹಸಿರಿಗೂ ಇದೇ ಗತಿ. ಇಂಡಿಗೋ ಮತ್ತು ಹಳದಿ ಬೆರೆಸಿದ ಮರಗಳೆಲ್ಲ ಕಂದು ಬಣ್ಣಕ್ಕೆ ತಿರುಗುತ್ತವೆ.

ಅಂದಹಾಗೆ, ಆ ಕಾಲದಲ್ಲಿ ಲಂಡನ್ನಿಗೆ ಇಂಡಿಗೋ ದೊಡ್ಡ ಮಟ್ಟದಲ್ಲಿ ಹೋಗುತ್ತಿದ್ದದ್ದು ಬಂಗಾಳದಿಂದ. ರೈತರ ಬೆನ್ನು ಮುರಿದ ಬೆಳೆ. ಇಂಗ್ಲಿಷ್ ಆಕಾಶಕ್ಕೆ ನಮ್ಮ ಕಡೆಯ ನೀಲಿ, ಅದೂ ನಿಲ್ಲಲಿಲ್ಲ.

1880ರ ದಶಕದಲ್ಲಿ ಇದರ ಬಗ್ಗೆ ಇಂಗ್ಲೆಂಡಿನ ಪತ್ರಿಕೆಗಳಲ್ಲೇ ದೊಡ್ಡ ಜಗಳವಾಯಿತು. ಮ್ಯೂಸಿಯಂಗಳು ಜಲವರ್ಣಗಳನ್ನು ಬೆಳಕಿನಲ್ಲಿ ತೂಗುಹಾಕಿ ಹಾಳು ಮಾಡುತ್ತಿವೆ ಅಂತ ಒಂದು ಕಡೆ, ಏನೂ ಆಗಲ್ಲ ಅಂತ ಇನ್ನೊಂದು ಕಡೆ. ಕೊನೆಗೆ ರಸೆಲ್ ಮತ್ತು ಆಬ್ನಿ ಎಂಬ ಇಬ್ಬರು ವಿಜ್ಞಾನಿಗಳು ಬಣ್ಣಗಳನ್ನು ಬಿಸಿಲಿಗಿಟ್ಟು ಪರೀಕ್ಷೆ ಮಾಡಿ 1888ರಲ್ಲಿ ವರದಿ ಕೊಟ್ಟರು. ಮಾಸುವ ಬಣ್ಣಗಳ ಸಾಲಿನಲ್ಲಿ ಇಂಡಿಗೋ ಇತ್ತು. ಈಗ ಮ್ಯೂಸಿಯಂಗಳಲ್ಲಿ ಜಲವರ್ಣಕ್ಕೆ ಸಾಮಾನ್ಯವಾಗಿ 50 ಲಕ್ಸ್ (ಲಕ್ಸ್ ಅಂದ್ರೆ ಬೆಳಕಿನ ಅಳತೆ), ಅಂದ್ರೆ ಮಂದ ಬೆಳಕು ಮಾತ್ರ. ಕೆಲವು ತಿಂಗಳು ಗೋಡೆ ಮೇಲೆ, ಆಮೇಲೆ ಡಬ್ಬಿಯೊಳಗೆ ವಿಶ್ರಾಂತಿ.

ಗರ್ಟಿನ್‌ನ ಅಸಲಿ ಬಣ್ಣದ ಅಂದಾಜು ಬೇಕಾದರೆ ಚೇಂಬರ್ಸ್ ಹಾಲ್ ಎಂಬ ಸಂಗ್ರಾಹಕ 1855ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟ ಚಿತ್ರಗಳನ್ನು ನೋಡಿ. ಬೆಳಕು ತಾಗದೆ ಉಳಿದವು. ನೀಲಿ ಇನ್ನೂ ನೀಲಿಯಾಗಿದೆ.

ಬಿಳಿಹಾಳೆ:

ಹಾಗಾದರೆ ಬಿಳಿ ಮನೆ? ಸುತ್ತಲಿನ ಬಣ್ಣ ತಿಳಿಯಾದರೆ ಅದರ ಹೊಳಪೂ ಕಡಿಮೆಯಾಗಬೇಕಲ್ವಾ?

ಕಾಗದವೈದ್ಯೆ:

ಆಗುತ್ತೆ. ಎರಡು ಕಡೆಯಿಂದ ಹೊಡೆತ. ಸುತ್ತಲಿನ ಕಪ್ಪು ತಿಳಿಯಾಗುತ್ತೆ, ಕಾಗದವೂ ವಯಸ್ಸಾದ ಹಾಗೆ ಹಳದಿಯಾಗುತ್ತೆ. ಇಷ್ಟಾದ ಮೇಲೂ ಅದು ಹೀಗೆ ಕಣ್ಣಿಗೆ ಹೊಡೆಯುತ್ತಿದೆ ಅಂದರೆ ಮೊದಲ ದಿನ ಹೇಗಿದ್ದಿರಬೇಕು, ಯೋಚಿಸಿ. ಹೊಳಪು ಉಳಿದಿರೋದು ಬಣ್ಣದ ಬಲದಿಂದಲ್ಲ, ಅಳತೆಯ ಬಲದಿಂದ. ಇಡೀ ಚಿತ್ರದಲ್ಲಿ ಚೌಕಾಕಾರದ, ಅಂಚು ಗಟ್ಟಿಯಾಗಿರುವ ಬೆಳಕು ಅದೊಂದೇ.

ಹೊಸಬಳು:

ಮೇಷ್ಟ್ರೇ, ಇದನ್ನ ಅಭ್ಯಾಸಕ್ಕೆ ಬರೆಯಬೇಕು ಅಂತಿದೆ. ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗದ ಹಾಗೆ ಮುಚ್ಚಿ, ಆಮೇಲೆ ಕಿತ್ತು ತೆಗೆಯೋ ಅಂಟು) ಹಚ್ಚಿ ಮನೆ ಬಿಟ್ಟುಕೊಳ್ಳಬಹುದಾ? ಇಲ್ಲಾಂದ್ರೆ ಕೊನೆಗೆ ಬಿಳಿ ಗುವಾಶ್ ಹಚ್ಚಲಾ?

ಡ್ರಾಯಿಂಗ್_ಮೇಷ್ಟ್ರು:

ಎರಡೂ ಬೇಡಮ್ಮ. ಗುವಾಶ್ ಹಚ್ಚಿದರೆ ಮನೆ ಕಾಗದದ ಮೇಲೆ ಅಂಟಿಸಿದ ಹಾಗೆ ಕಾಣುತ್ತೆ. ಪಾರದರ್ಶಕ ಬಣ್ಣದ ಪಕ್ಕ ಅಪಾರದರ್ಶಕ ಬಿಳಿ ಯಾವಾಗಲೂ ಸುಣ್ಣ ಸುಣ್ಣವಾಗಿ ಕಾಣೋದು. ಮಾಸ್ಕಿಂಗ್ ಫ್ಲೂಯಿಡ್ ಕಿತ್ತಾಗ ಸುತ್ತಲೂ ಒಂದೇ ಥರ ಕತ್ತರಿಸಿದ ಅಂಚು ಬರುತ್ತೆ. ಮನೆಗೆ ಹೇಗೋ ಸರಿಹೋಗಬಹುದು, ಪ್ರತಿಬಿಂಬಕ್ಕೆ ಆಗಲ್ಲ. ಬಿಳಿ ಜಾಗವನ್ನ ಮೇಣದಂಥ ಮಿಶ್ರಣದಿಂದ ಮುಚ್ಚಿಡುವ ಉಪಾಯ ಆ ಕಾಲದಲ್ಲೇ ಇತ್ತು, ಫ್ರಾನ್ಸಿಸ್ ನಿಕಲ್ಸನ್ ಎಂಬವನು ಅದನ್ನು ಬಳಸುತ್ತಿದ್ದ. ಆದರೂ ಕಲಿಯುವವರು ಬ್ರಷ್‌ನಲ್ಲೇ ಸುತ್ತುಬಳಸಿ ಹೋಗೋದು ಒಳ್ಳೇದು.

300 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ಲೆಕ್ಕ, ಅಂದ್ರೆ ದಪ್ಪನೆಯ) ಕಾಟನ್ ಪೇಪರ್ ತಗೊ. ಅಪ್ಪಟ ಬಿಳಿ ಬೇಡ, ಸ್ವಲ್ಪ ಕೆನೆ ಬಣ್ಣದ್ದು ಸಿಕ್ಕರೆ ನೋಡು. ಪೆನ್ಸಿಲಿನಲ್ಲಿ ದಿಗಂತ, ಮನೆಯ ಚೌಕ, ಗಿರಣಿ, ಅಷ್ಟು ಮಾತ್ರ. ಆಕಾಶದ ವಾಶ್, ಅಂದ್ರೆ ನೀರು ಬೆರೆಸಿ ತೆಳ್ಳಗೆ ಹರಡುವ ಬಣ್ಣ, ಮೇಲಿನಿಂದ ಇಳಿಸಿಕೊಂಡು ಬಾ, ದಿಗಂತದ ಹತ್ತಿರ ತೆಳ್ಳಗೆ ಮಾಡು. ಅದು ಪೂರ್ತಿ ಒಣಗಲಿ. ಆಮೇಲೆ ದಡದ ಕಪ್ಪು. ಮನೆಯ ಎರಡೂ ಪಕ್ಕದಲ್ಲಿ ಬ್ರಷ್ ನಿಲ್ಲಿಸಿ, ಅಂಚು ಚೂಪಾಗಿ ಬರೋ ಹಾಗೆ. ಆ ಕಪ್ಪು ಎಷ್ಟು ಗಾಢವಾಗಿರಬೇಕು ಅನ್ನೋದೇ ಇಡೀ ಆಟ. ಎಲ್ಲರೂ ಇಲ್ಲಿ ಹೆದರಿಕೊಂಡು ತೆಳ್ಳಗೆ ಹಾಕ್ತಾರೆ. ಮನೆ ಹೊಳೆಯಲ್ಲ. ಆಮೇಲೆ ಮನೆಯನ್ನ ಇನ್ನೂ ಬಿಳಿ ಮಾಡೋಕೆ ಹೊರಡ್ತಾರೆ. ಮನೆ ಮುಟ್ಟಬೇಡ, ದಡವನ್ನ ಕಪ್ಪು ಮಾಡು.

ನೀರಿನ ವಾಶ್ ಹಾಕುವಾಗ ಮನೆಯ ಕೆಳಗೆ ಒಂದು ಪಟ್ಟಿ ಬಿಟ್ಟುಕೊಂಡು ಹೋಗು. ಅದು ಮನೆಗಿಂತ ಉದ್ದ ಇರಲಿ. ನೀರು ಕನ್ನಡಿಯಂತೆ ನಿಂತಿದ್ದರೆ ಪ್ರತಿಬಿಂಬ ಮನೆಯಷ್ಟೇ ಇರುತ್ತೆ. ಸಣ್ಣ ಅಲೆ ಇದ್ದರೆ ಒಂದೊಂದು ಅಲೆಯ ಇಳಿಜಾರೂ ಒಂದೊಂದು ಚೂರು ಬೆಳಕು ಹಿಡಿದು ನಮ್ಮ ಕಡೆಗೆ ಕಳಿಸುತ್ತೆ. ಹಾಗಾಗಿ ಪ್ರತಿಬಿಂಬ ನೋಡುವವರ ಕಡೆಗೆ ಎಳೆದುಕೊಂಡು ಬರುತ್ತೆ. ಗರ್ಟಿನ್‌ನ ಸಂಜೆ ಶಾಂತವಾಗಿದೆ, ಆದರೆ ನೀರು ನಿಂತಿಲ್ಲ ಅಂತ ನಮಗೆ ಗೊತ್ತಾಗೋದು ಆ ಪಟ್ಟಿಯಿಂದಲೇ.

ಅನುಮಾನಪ್ಪ:

ಇದು ಒಪ್ಪುವ ಮಾತು. ಆದರೂ ರೊಮ್ಯಾಂಟಿಕ್ ಅನ್ನೋ ಹಣೆಪಟ್ಟಿ ನನಗೆ ಈಗಲೂ ಬೇಡ. 'ಸಂಜೆಯ ಚಿತ್ರ' ಅಂದರೆ ಸಾಕು.

ಹೊಸಬಳು:

ಬೆಂಗಳೂರಿನಲ್ಲಿ ಇಂಥ ಹಳೇ ವಾಶ್ ಕೆಲಸ ಕಣ್ಣಾರೆ ನೋಡೋಕೆ ಎಲ್ಲಿ ಸಿಗುತ್ತೆ?

ಡ್ರಾಯಿಂಗ್_ಮೇಷ್ಟ್ರು:

ಗರ್ಟಿನ್ ಸಿಗಲ್ಲ. ಕಸ್ತೂರ್ಬಾ ರಸ್ತೆಯಲ್ಲಿ ಕೆ. ವೆಂಕಟಪ್ಪ ಅವರ ಹೆಸರಿನ ಗ್ಯಾಲರಿ ಇದೆ. ಅವರು 1920ರ ದಶಕದಲ್ಲಿ ಊಟಿಯ ಜಲವರ್ಣಗಳನ್ನು ಬರೆದಿದ್ದಾರೆ. ಕಾಲ ಬೇರೆ, ಕಲಿತ ದಾರಿಯೂ ಬೇರೆ, ಅವನೀಂದ್ರನಾಥ ಟಾಗೋರರ ಶಿಷ್ಯರು. ಆದರೆ ಬೆಳಕನ್ನ ಕಾಗದದಿಂದಲೇ ತೆಗೆಯೋದು ಹೇಗೆ ಅಂತ ನೋಡೋಕೆ ಅಷ್ಟು ಹತ್ತಿರದ ಜಾಗ ಬೇರೆ ಇಲ್ಲ. ಹೋಗುವ ಮುಂಚೆ ಗ್ಯಾಲರಿ ತೆರೆದಿದೆಯಾ, ಆ ಚಿತ್ರಗಳು ಗೋಡೆ ಮೇಲಿವೆಯಾ ಅಂತ ಫೋನ್ ಮಾಡಿ ಕೇಳ್ಕೊ.

ಥೇಮ್ಸ್_ದಡದಿಂದ:

ಲಂಡನ್ನಿಗೆ ಬರುವವರಿಗೆ ಒಂದು ಮಾತು. ಕಾಗದವೈದ್ಯೆ ಮೇಡಂ ಹೇಳಿದ ಹಾಗೆ ಬಿಳಿ ಮನೆ ಬಹಳ ಸಲ ಗೋಡೆ ಮೇಲೆ ಇರಲ್ಲ. ಟೇಟ್ ಬ್ರಿಟನ್‌ನಲ್ಲಿ ಪ್ರಿಂಟ್ಸ್ ಅಂಡ್ ಡ್ರಾಯಿಂಗ್ಸ್ ರೂಮ್ ಅಂತ ಇದೆ. ಮುಂಚೆಯೇ ಬರೆದು ಸಮಯ ಗೊತ್ತುಮಾಡಿಕೊಂಡರೆ, ಚಿತ್ರವನ್ನ ತೆಗೆದು ಮೇಜಿನ ಮೇಲಿಟ್ಟು ತೋರಿಸುವ ವ್ಯವಸ್ಥೆ ಅಲ್ಲಿದೆ. ಬ್ರಿಟಿಷ್ ಮ್ಯೂಸಿಯಂನಲ್ಲೂ ಅಂಥ ಕೋಣೆ ಇದೆ. ಪೆನ್ ಒಳಗೆ ಬಿಡಲ್ಲ, ಪೆನ್ಸಿಲ್ ತನ್ನಿ.